ಬೆವರು ಕಾಣದ ಊರಿನ ಬಾಣಂತನ

ಸಾಗರದಲ್ಲಿ ಲಲಿತೆಯ ಮನೆಯ ಮಹಡಿಯಲ್ಲಿ ಅವತ್ತು ಕೂತಿದ್ದವರು ನಾವು ನಾಲ್ಕೇ ಜನ. ಲಲಿತೆ ಮತ್ತು ನಾನು ಇಬ್ಬರೂ ನಿವೃತ್ತ ನರ್ಸುಗಳು. ಅವಳು ಕೆಲಸ ಮಾಡಿದ್ದೆಲ್ಲ ಇದೇ ಜಿಲ್ಲೆಯಲ್ಲಿ, ನಾನು ಒಮಾನ್ ದೇಶದಲ್ಲಿ. ಎದುರಿಗೆ ಅವಳ ತಂಗಿಯ ಮಗಳು ಶ್ರೀದೇವಿ, ಪಕ್ಕದಲ್ಲಿ ಶ್ರೀದೇವಿಯ ಗೆಳತಿ, ಹೊಸನಗರದ ಆಶಾ. ಹುಡುಗಿಯರಿಬ್ಬರೂ ನರ್ಸಿಂಗ್ ಮುಗಿಸಿ ಒಮಾನಿಗೆ ಹೊರಟವರು. ವೀಸಾ ಕೈಗೆ ಬಂದಿತ್ತು. ಮಂಡಕ್ಕಿ, ಚಹಾ ಮುಂದಿಟ್ಟುಕೊಂಡು ಅವರು ಕೇಳಿದ ಪ್ರಶ್ನೆಗಳಿಗೆ ಲೆಕ್ಕವಿಲ್ಲ. ಪರೀಕ್ಷೆ ಕಷ್ಟವೇ, ಕ್ವಾರ್ಟರ್ಸಿನಲ್ಲಿ ಅಡುಗೆಮನೆ ಇರುತ್ತದೆಯೇ, ಕುಚ್ಚಲಕ್ಕಿ ಸಿಗುತ್ತದೆಯೇ, ಮೇಲಿನವರು ಬೈಯುತ್ತಾರೆಯೇ. ಎಲ್ಲದಕ್ಕೂ ಉತ್ತರ ಕೊಟ್ಟೆ. ಆ ಊರಿನ ಗಾಳಿ ಹೇಗಿರುತ್ತದೆ ಎಂದು ಮಾತ್ರ ಇಬ್ಬರೂ ಕೇಳಲಿಲ್ಲ. ನಾನೇ ಬಾಯಿ ಬಿಟ್ಟು ಅದನ್ನು ಹೇಳಿದಾಗ ಶ್ರೀದೇವಿ ನಕ್ಕಳು.

"ಎಂಗೊ ಎಂತ ಕೇಳವು ಹೇಳೇ ಗೊತ್ತಿಲ್ಲೆ ಸರೋಜಕ್ಕ. ಸೆಕೆ ಇದ್ದು ಹೇಳದು ಎಲ್ಲರಿಗೂ ಗೊತ್ತಿದ್ದಲ."

ಏನು ಕೇಳಬೇಕು ಎಂದೇ ಅವರಿಗೆ ಗೊತ್ತಿಲ್ಲ, ಸೆಕೆ ಇದೆ ಎನ್ನುವುದು ಎಲ್ಲರಿಗೂ ಗೊತ್ತು, ಸರಿ. ಆದರೆ ಅದು ಎಂಥ ಸೆಕೆ ಎನ್ನುವುದು ಅಲ್ಲಿ ಇಳಿದ ಮೇಲೂ ಬಹಳ ದಿನ ಗೊತ್ತಾಗುವುದಿಲ್ಲ. ಅದು ಗೊತ್ತಾಗದೆ ಒಂದು ಎಳೆಗೂಸು ಕೈಬಿಟ್ಟು ಹೋಗುವುದರಲ್ಲಿದ್ದದ್ದನ್ನು ನಾನು ಕಣ್ಣಾರೆ ಕಂಡಿದ್ದೇನೆ. ಅವತ್ತು ಅರ್ಧ ಹೇಳುವಷ್ಟರಲ್ಲಿ ಆಶಾಳ ಬಸ್ಸಿನ ಹೊತ್ತಾಯಿತು. ಉಳಿದದ್ದನ್ನು ಬರೆದುಕೊಡು ಎಂದು ಲಲಿತೆ ಹಟ ಹಿಡಿದಳು. ಅದಕ್ಕೇ ಈ ಬರಹ.

ನನ್ನೂರು ತೀರ್ಥಹಳ್ಳಿ ತಾಲ್ಲೂಕು, ಮೇಳಿಗೆಯ ಹತ್ತಿರ. ನಮ್ಮ ಅಜ್ಜ ಗೇಣಿ ಮಾಡುತ್ತಿದ್ದವರು, ಅಪ್ಪನ ಕಾಲಕ್ಕೆ ಭೂಮಿ ನಮ್ಮದಾಯಿತು. ನನಗೆ ಮಾತು ಕಲಿಸಿದವಳು ಅಜ್ಜಿ. ಅವಳ ಬಾಯಲ್ಲಿ ಮಳೆಗೆ ಹತ್ತು ಹೆಸರಿತ್ತು, ಬಿಸಿಲಿಗೆ ಒಂದೇ. ನಾನು ಒಮಾನಿಗೆ ಹೋಗುವಾಗ ಈ ಬಡ ಶಬ್ದಕೋಶವೇ ನನ್ನ ಜೊತೆಗಿದ್ದದ್ದು.

ಮೊದಲು ಇಳಿದದ್ದು ಮಸ್ಕತ್ತಿನಲ್ಲಿ. ಅದು ಕಡಲ ದಂಡೆ. ವಿಮಾನದ ಬಾಗಿಲು ತೆಗೆದದ್ದೇ ನನ್ನ ಕನ್ನಡಕದ ಮೇಲೆ ಆವಿ ಕೂತು ಮೆಟ್ಟಿಲು ಕಾಣದಾಯಿತು. ಮೈಯೆಲ್ಲ ನೀರು. ಆಗುಂಬೆ ಘಾಟಿ ಇಳಿದು ಉಡುಪಿಗೆ ಮದುವೆಗೆ ಹೋದಾಗ ಆಗುತ್ತಿತ್ತಲ್ಲ, ಅದರ ದೊಡ್ಡಣ್ಣ. ಸೆಕೆ ಎಂದರೆ ಇದೇ ಇರಬೇಕು, ತಡೆದುಕೊಳ್ಳಬಹುದು ಎಂದುಕೊಂಡೆ. ಸ್ವಲ್ಪ ದಿನ ಅಲ್ಲಿಟ್ಟುಕೊಂಡು ನನ್ನನ್ನು ಬೆಟ್ಟಸಾಲಿನ ಹಿಂದೆ, ಒಳನಾಡಿನ ಒಂದು ಊರಿನ ಆಸ್ಪತ್ರೆಗೆ ಕಳಿಸಿದರು. ಬಸ್ಸು ಬೆಟ್ಟ ದಾಟಿದ ಮೇಲೆ ಗಾಳಿ ಬದಲಾಯಿತು. ಮೈ ಒಣಗಿತು, ರವಿಕೆ ಒಣಗಿತು. ದೇವರೇ, ಬದುಕಿಕೊಂಡೆ, ಇಲ್ಲಿ ಸೆಕೆಯೇ ಇಲ್ಲ ಎಂದು ಪಕ್ಕದಲ್ಲಿ ಕೂತಿದ್ದ ಕೇರಳದ ನರ್ಸಿಗೆ ಹೇಳಿದೆ. ಅವಳೂ ತಲೆಯಾಡಿಸಿದಳು. ಇಬ್ಬರ ತುಟಿಯೂ ವಾರದೊಳಗೆ ಒಡೆದು ರಕ್ತ ಬಂತು.

ಆ ಊರಿನಲ್ಲಿ ಬಟ್ಟೆ ಹರವುವುದೇ ಒಂದು ತಮಾಷೆ. ತಂತಿಯ ಈ ತುದಿಯಿಂದ ಹರವುತ್ತ ಆ ತುದಿ ಮುಟ್ಟುವಾಗ ಮೊದಲು ಹಾಕಿದ ಬಟ್ಟೆ ಒಣಗಿ ಕರಿದ ಹಪ್ಪಳದಂತೆ ನಿಂತಿರುತ್ತಿತ್ತು. ಮಳೆಗಾಲದಲ್ಲಿ ಬಚ್ಚಲ ಒಲೆಯ ಮೇಲೆ ಲಂಗ ಕಾಸಿ ಶಾಲೆಗೆ ಉಟ್ಟುಕೊಂಡು ಹೋದವಳಿಗೆ ಇದು ಸ್ವರ್ಗ. ಉಪ್ಪು ನೀರೊಡೆಯುವುದಿಲ್ಲ, ಬಿಸ್ಕತ್ತು ಮೆತ್ತಗಾಗುವುದಿಲ್ಲ, ಚಪ್ಪಲಿಗೆ ಬೂಸ್ಟು ಹಿಡಿಯುವುದಿಲ್ಲ. ನಮ್ಮ ಕಡೆಯಿಂದ ಬಂದ ಒಬ್ಬಳು ಹಲಸಿನ ಹಪ್ಪಳವನ್ನು ಡಬ್ಬಿಗೆ ಹಾಕಿ, ಮುಚ್ಚಳಕ್ಕೆ ಬಟ್ಟೆ ಬಿಗಿದು, ಮೇಲೆ ಪ್ಲಾಸ್ಟಿಕ್ಕು ಸುತ್ತಿ, ಅದನ್ನು ಸ್ಟೌವಿನ ಪಕ್ಕ ಬೆಚ್ಚಗೆ ಇಟ್ಟುಕೊಳ್ಳುತ್ತಿದ್ದಳು. ಯಾರಿಂದ ಕಾಪಾಡ್ತಿದೀಯ ಮಾರಾಯ್ತಿ ಎಂದು ನಾವು ಗೇಲಿ ಮಾಡುತ್ತಿದ್ದೆವು. ಅವಳಿಗೂ ಗೊತ್ತು, ಅಲ್ಲಿ ಮಳೆಯಿಲ್ಲ. ಆದರೆ ಕೈಗೆ ಗೊತ್ತಾಗಬೇಕಲ್ಲ.

ಮಲೆನಾಡಿನವರ ದೊಡ್ಡ ಅಪಾಯ ಇಷ್ಟೇ: ನಾವು ಸೆಕೆಯನ್ನು ಬೆವರಿನಿಂದ ಅಳೆಯುವವರು. ಬೆವರು ಇಳಿದರೆ ಸೆಕೆ, ಇಳಿಯದಿದ್ದರೆ ತಂಪು. ಆ ಒಣನಾಡಿನಲ್ಲಿ ಬೆವರು ಹೊರಗೆ ಬಂದ ಕೂಡಲೇ ಗಾಳಿ ಅದನ್ನು ಕುಡಿದುಬಿಡುತ್ತದೆ. ಮೈಯೊಳಗಿನ ನೀರು ಹೋಗುತ್ತಲೇ ಇರುತ್ತದೆ, ಚರ್ಮ ಮಾತ್ರ ಒಣಗಿಯೇ ಇರುತ್ತದೆ. ನಮ್ಮ ಮೇಲಿನವರು ಜುವೈನಾ ಎಂಬ ಆ ಊರಿನದೇ ಹೆಂಗಸು, ವಾರ್ಡಿನ ಮುಖ್ಯ ನರ್ಸು. ಹೊಸಬರು ಬಂದರೆ ನೀರು ಕುಡಿದಿರಾ ಎಂದು ಆಕೆ ಕೇಳುತ್ತಿರಲಿಲ್ಲ. ಕುಡಿದೆ ಎಂದು ಎಲ್ಲರೂ ಹೇಳುತ್ತಾರೆ. ಕೊನೆಯ ಸಲ ಮೂತ್ರಕ್ಕೆಂದು ಬಚ್ಚಲಿಗೆ ಹೋದದ್ದು ಯಾವಾಗ ಎಂದು ಕೇಳುತ್ತಿದ್ದರು, ಅದೂ ಎಲ್ಲರ ಎದುರಿಗೆ, ಮುಖ ಒಂದಿಷ್ಟೂ ಸಡಿಲಿಸದೆ. ನಾಚಿಕೆಯಿಂದಲೇ ಎಷ್ಟೋ ಜನ ನೀರು ಕುಡಿಯಲು ಕಲಿತರು. ನಾನೂ ಹಾಗೇ ಕಲಿತದ್ದು.

ಇನ್ನು ಸುಮಾಳ ಮಾತಿಗೆ ಬರುತ್ತೇನೆ. ಸುಮಾ ಹೊಸನಗರ ತಾಲ್ಲೂಕಿನ ನಗರ ಎಂಬ ಊರಿನ ಹತ್ತಿರದವಳು. ನಾನು ಆಸ್ಪತ್ರೆಯಲ್ಲಿ ಹಳಬಳಾದ ಮೇಲೆ ನರ್ಸಾಗಿ ಬಂದ ಹುಡುಗಿ. ನಮ್ಮ ಕಡೆಯ ಮಾತು ಕೇಳಿ ನಾನು ಅವಳನ್ನು ಹಚ್ಚಿಕೊಂಡೆ, ಅವಳು ನನ್ನನ್ನು ಅಕ್ಕ ಎಂದಳು. ಗಂಡ ಮಂಜುನಾಥ ಅದೇ ಊರಿನಲ್ಲಿ ಎಲೆಕ್ಟ್ರಿಷಿಯನ್. ಅವಳಿಗೆ ದಿನ ತುಂಬಿದ್ದು ಬೇಸಿಗೆಯ ನಡುಮಧ್ಯದಲ್ಲಿ. ಬಾಣಂತನಕ್ಕೆಂದು ಊರಿನಿಂದ ಅವಳ ತಾಯಿ ಕಾವೇರಮ್ಮ ಬಂದರು. ನಾನು ಕಾವೇರಕ್ಕ ಎನ್ನುತ್ತಿದ್ದೆ.

ಕಾವೇರಕ್ಕನೆಂದರೆ ಅವರ ಕೇರಿಯಲ್ಲಿ ಬಾಣಂತನಕ್ಕೆ ಹೆಸರಾದವರು. ಯಾರ ಮನೆಯಲ್ಲಿ ಹೆರಿಗೆಯಾದರೂ ಮೊದಲ ನೀರು ಹಾಕಲು ಅವರೇ ಬೇಕು. ಅವರ ಕೈಗುಣ ಒಳ್ಳೆಯದು, ಅವರು ಮೀಯಿಸಿದ ಮಗು ಗಟ್ಟಿಯಾಗುತ್ತದೆ ಎಂದು ಜನ ನಂಬಿದ್ದರು. ನಂಬಿಕೆಗೆ ಕಾರಣವೂ ಇತ್ತು. ಅಷ್ಟು ಮಕ್ಕಳನ್ನು ಕಾಲ ಮೇಲೆ ಮಲಗಿಸಿಕೊಂಡು ನೀರು ಹಾಕಿದವರು ಒಂದು ಮಗುವನ್ನೂ ಕಳೆದುಕೊಂಡಿರಲಿಲ್ಲ. ಅವರ ಪೆಟ್ಟಿಗೆಯಲ್ಲಿ ಬಟ್ಟೆಗಿಂತ ಬಾಣಂತಿಯ ಸಾಮಾನೇ ಹೆಚ್ಚಿತ್ತು. ಬಜೆ, ಅಳಲೆಕಾಯಿ, ಒಣಶುಂಠಿ, ಕಾಳುಮೆಣಸು, ಮೆತ್ತಗಿನ ಹಳೇ ಸೀರೆ, ತಾವೇ ಹೆಣೆದ ಉಲ್ಲನ್ನಿನ ಟೊಪ್ಪಿ, ಕಾಲುಚೀಲ. ವಿಮಾನ ನಿಲ್ದಾಣದ ಅಧಿಕಾರಿ ಬಜೆಯ ಬೇರನ್ನು ಮೂಗಿಗೆ ಹಿಡಿದು ಇದೇನು ಎಂದನಂತೆ. ಕಾವೇರಕ್ಕನಿಗೆ ಆ ಭಾಷೆ ಬಾರದು. ತೊಟ್ಟಿಲು ತೂಗುವ ಹಾಗೆ ಕೈಯಾಡಿಸಿ, ನಾಲಿಗೆಗೆ ಬೆರಳು ಮುಟ್ಟಿಸಿ ತೋರಿಸಿದರಂತೆ. ಅವನು ನಕ್ಕು ಬಿಟ್ಟನಂತೆ. ಬಾಣಂತಿಗೆ ಹೊಗೆ ಹಾಕುವ ಲೋಬಾನದ ಧೂಪವನ್ನು ಸಂತೆಯಲ್ಲಿ ಗೋಣಿಗಟ್ಟಲೆ ಇಟ್ಟು ಮಾರುವುದನ್ನು ನೋಡಿ ಅವರಿಗಾದ ಸಂತೋಷ ಅಷ್ಟಿಷ್ಟಲ್ಲ. ನಮ್ಮೂರಲ್ಲಿ ಚಿಟಿಕೆ ಲೆಕ್ಕದಲ್ಲಿ ಹಾಕ್ತೀವಿ, ಇಲ್ಲಿನ ಬಾಣಂತಿಯರು ಪುಣ್ಯವಂತರು ಎಂದರು.

ಹೆರಿಗೆ ಸುಸೂತ್ರವಾಯಿತು. ಗಂಡು ಮಗು. ಆಸ್ಪತ್ರೆಯಿಂದ ಕಳಿಸುವ ದಿನ ನಾನು ಇಬ್ಬರನ್ನೂ ಕೂರಿಸಿ ಹೇಳಿದೆ: ಏಸಿ ಪೂರ್ತಿ ಆರಿಸಬೇಡಿ, ಮಗುವಿಗೆ ತೆಳು ಬಟ್ಟೆ ಸಾಕು, ಸುಮಾ ಚೆನ್ನಾಗಿ ನೀರು ಕುಡಿಯಬೇಕು. ಸುಮಾ ತಲೆಯಾಡಿಸಿದಳು. ಕಾವೇರಕ್ಕ ಆಯ್ತು ಎಂದರು. ಅವರು ಆಯ್ತು ಎಂದದ್ದು ನನ್ನ ಮಾತನ್ನು ಒಪ್ಪಿ ಅಲ್ಲ, ನನ್ನ ಮರ್ಯಾದೆಗೆ.

ನಮ್ಮೂರ ಬಾಣಂತನ ಹೇಗೆ ಎಂದು ಈಗಿನ ಹುಡುಗಿಯರಿಗೆ ಗೊತ್ತಿರಲಿಕ್ಕಿಲ್ಲ. ಹೊರಗೆ ಜಡಿಮಳೆ ಹಿಡಿದು, ಗೋಡೆಯೇ ತೇವ ಕಾರುವ ಊರಿನಲ್ಲಿ ತಾಯಿ ಮಗುವನ್ನು ಬದುಕಿಸಿಕೊಳ್ಳಲು ಹಿರಿಯರು ಕಂಡುಕೊಂಡ ದಾರಿ ಅದು. ಕೋಣೆಯ ಬಾಗಿಲು ಕಿಟಕಿ ಮುಚ್ಚಿರಬೇಕು. ಮಂಚದ ಕೆಳಗೆ ಕೆಂಡದ ಅಗ್ಗಿಷ್ಟಿಕೆ. ತಾಯಿಯ ಕಿವಿಗೆ ಬಟ್ಟೆ, ಮಗುವಿನ ತಲೆಗೆ ಟೊಪ್ಪಿ. ಸುಡುನೀರಿನ ಸ್ನಾನ, ಮೇಲೆ ಹೊಗೆ. ಬಾಣಂತಿಗೆ ಕುಡಿಯಲು ನೀರು ಅಳತೆಯಲ್ಲಿ, ಜೀರಿಗೆ ಹಾಕಿ ಕಾಯಿಸಿದ್ದು, ಅದೂ ಗುಟುಕು ಗುಟುಕಾಗಿ. ಹೆಚ್ಚು ಕುಡಿದರೆ ಮೈ ಬಾತುಕೊಳ್ಳುತ್ತದೆ ಎಂಬ ಹೆದರಿಕೆ. ಆಷಾಢದ ನಗರದಲ್ಲಿ ಇದರಲ್ಲಿ ಬಹುಪಾಲು ಸರಿಯೇ. ನೀರಿನ ಮಾತೊಂದು ಅಲ್ಲಿಯೂ ತಪ್ಪು, ಆದರೆ ಬಾಯಾರಿಕೆಯೇ ಇಲ್ಲದ ಥಂಡಿಯಲ್ಲಿ ಅದು ಹೇಗೋ ನಡೆದುಹೋಗುತ್ತಿತ್ತು.

ಕಾವೇರಕ್ಕ ಇದನ್ನೆಲ್ಲ ಒಂದೂ ಬಿಡದೆ ಆ ಮರಳುನಾಡಿನ ಫ್ಲಾಟಿನಲ್ಲಿ ಮಾಡಿದರು.

ಸುಮಾ ನರ್ಸಲ್ಲವೇ, ಅವಳಿಗೆ ತಿಳಿಯಲಿಲ್ಲವೇ ಎಂದು ನೀವು ಕೇಳುತ್ತೀರಿ. ಆಮೇಲೆ ನಾನೂ ಕೇಳಿದೆ. ಅಮ್ಮ ಅಡುಗೆಮನೆಗೆ ಹೋದಾಗ ಏಸಿ ಹಾಕ್ತಿದ್ದೆ ಅಕ್ಕ, ಅವರು ಬಂದು ಆರಿಸ್ತಿದ್ರು ಎಂದಳು. ಹೆತ್ತು ಮಲಗಿದ ಹುಡುಗಿ, ಮೈಯೆಲ್ಲ ನೋವು, ನಿದ್ದೆಯಿಲ್ಲ, ಸಮುದ್ರ ದಾಟಿ ಬಂದ ತಾಯಿ. ಪುಸ್ತಕದಲ್ಲಿ ಓದಿದ್ದೆಲ್ಲ ಬೇರೆಯವರ ಮಗುವಿಗೆ. ನಮ್ಮ ಮಗುವಿನ ವಿಷಯ ಬಂದಾಗ ಅಮ್ಮ ಹೇಳಿದ್ದೇ ಸರಿ ಎನಿಸುತ್ತದೆ. ಡಾಕ್ಟರ ಹೆಂಡಂದಿರನ್ನೂ ನಾನು ಹೀಗೆ ಕಂಡಿದ್ದೇನೆ.

ಒಂದು ಮಧ್ಯಾಹ್ನ ನಾನು ಡ್ಯೂಟಿ ಮುಗಿಸಿ ಬಟ್ಟೆ ಬದಲಾಯಿಸುತ್ತಿರುವಾಗ ಸುಮಾ ಫೋನು ಮಾಡಿದಳು. ದನಿ ಸಣ್ಣದಾಗಿತ್ತು. ಮಗು ಹಾಲಿಗೆ ಬಾಯಿ ಹಾಕುತ್ತಿಲ್ಲ, ಎಬ್ಬಿಸಿದರೂ ಏಳುತ್ತಿಲ್ಲ, ಬೆಳಗಿನಿಂದ ಬಟ್ಟೆ ಒದ್ದೆಯಾಗಿಲ್ಲ. ಅವರ ಮನೆ ಆಸ್ಪತ್ರೆಯ ಹಿಂದಿನ ಬೀದಿ. ನಾನು ಓಡುನಡಿಗೆಯಲ್ಲಿ ಹೋದೆ. ಬಾಗಿಲು ತೆಗೆದರೆ ಹಂಡೆಯ ಮುಚ್ಚಳ ತೆಗೆದ ಹಾಗೆ ಮುಖಕ್ಕೆ ಬಿಸಿ ಹೊಡೆಯಿತು. ಲೋಬಾನದ ಹೊಗೆ. ಕಾವೇರಕ್ಕ ನಗುತ್ತಲೇ ಎದುರು ಬಂದರು.

"ಬಂದ್ರಾ ಸರೋಜಮ್ಮ? ಇವಳಿಗೆ ಸುಮ್ನೆ ಗಾಬ್ರಿ. ಎಂಥಾ ಸಾಧು ಮಗು ಅಂತೀರಿ, ಎರಡು ದಿನದಿಂದ ಅತ್ತಿದ್ದೇ ಇಲ್ಲ."

ಹುಡುಗಿಯರೇ, ಇದನ್ನು ನೆನಪಿಡಿ. ಎಳೆಗೂಸು ಅಳುವುದನ್ನು ಬಿಟ್ಟರೆ ಅದು ಸಾಧುತನವಲ್ಲ.

ಟೊಪ್ಪಿ ತೆಗೆದು ನೆತ್ತಿ ಮುಟ್ಟಿ ನೋಡಿದೆ. ಮೆತ್ತಗಿನ ಜಾಗ ಒಳಗೆ ಕುಳಿ ಬಿದ್ದಿತ್ತು. ಬಾಯಿ ಒಣಗಿತ್ತು, ಮೈ ಸುಡುತ್ತಿತ್ತು. ಸುತ್ತಿದ ಬಟ್ಟೆಯನ್ನು ನಾನು ಬಿಚ್ಚಹೋದಾಗ ಕಾವೇರಕ್ಕ ಕೈ ಹಿಡಿದರು. ಮಗುವಿಗೆ ಥಂಡಿಯಾಗುತ್ತದೆ ಎಂದರು. ಇಷ್ಟು ಸೆಕೆಯಲ್ಲಿ ಎಂತ ಥಂಡಿ ಕಾವೇರಕ್ಕ ಎಂದರೆ, ಅವರಿಗೆ ನಿಜವಾಗಿಯೂ ಅರ್ಥವಾಗಲಿಲ್ಲ.

"ಸೆಕೆ ಎಲ್ಲಿದೆ? ನನ್ನ ಮೈ ನೋಡಿ, ಅವಳ ಮೈ ನೋಡಿ, ಒಂದು ಹನಿ ಬೆವರಿಲ್ಲ. ಸೆಕೆ ಅಂದ್ರೆ ಶಿವರಾತ್ರಿ ಕಳೆದ ಮೇಲೆ ನಮ್ಮೂರಿಗೆ ಬನ್ನಿ, ಸೆರಗು ಹಿಂಡ್ಬೋದು."

ಅದಕ್ಕೆ ಉತ್ತರ ಕೊಡುತ್ತ ನಿಲ್ಲುವ ಹೊತ್ತಲ್ಲ ಅದು. ಮಗುವನ್ನು ತೆಳು ಬಟ್ಟೆಯಲ್ಲಿ ಎತ್ತಿಕೊಂಡೆ. ಮಂಜುನಾಥ ಕೆಲಸದಿಂದ ಓಡಿ ಬಂದಿದ್ದ, ಅವನ ವ್ಯಾನಿನಲ್ಲೇ ಎಲ್ಲರೂ ಆಸ್ಪತ್ರೆಗೆ ಹೋದೆವು.

ಆಗಿದ್ದದ್ದು ಇಷ್ಟು. ಸುಮಾಗೆ ನೀರು ಸಾಲದೆ ಹಾಲು ಕಡಿಮೆಯಾಗಿತ್ತು. ಸಿಕ್ಕ ಸ್ವಲ್ಪ ಹಾಲೂ ಆ ಒಣಬಿಸಿಯಲ್ಲಿ ಮಗುವಿಗೆ ಸಾಲುತ್ತಿರಲಿಲ್ಲ. ಮೈಯ ನೀರು ಇಳಿದು ರಕ್ತದಲ್ಲಿ ಉಪ್ಪು ಏರಿತ್ತು. ಇಂಥ ಮಗುವಿಗೆ ಆತುರದಿಂದ ನೀರು ತುಂಬಿದರೂ ಅಪಾಯ, ಮಿದುಳಿಗೆ ಪೆಟ್ಟಾಗಬಹುದು. ನಿಧಾನವಾಗಿ, ಹನಿಹನಿಯಾಗಿ ಏರಿಸಬೇಕು. ನಾನು ಕೆಲಸಕ್ಕೆ ಸೇರಿದ ಕಾಲದಲ್ಲಿ ಡ್ರಿಪ್ಪಿನ ಹನಿಯನ್ನು ಕೈಗಡಿಯಾರ ಹಿಡಿದು ಎಣಿಸುತ್ತಿದ್ದೆವು. ಈಗ ಯಂತ್ರ ಎಣಿಸುತ್ತದೆ. ಆದರೂ ಯಂತ್ರ ಮಗುವಿನ ಮುಖ ನೋಡುವುದಿಲ್ಲ, ಅದನ್ನು ನಾವೇ ನೋಡಬೇಕು.

ಮಕ್ಕಳ ಡಾಕ್ಟರು ಒಳ್ಳೆಯ ಕೈಯವರು, ಬಾಯಿ ಮಾತ್ರ ಕೆಟ್ಟದ್ದು. ನಮ್ಮ ದೇಶದ ಉತ್ತರದ ಕಡೆಯವರು. ಮಗುವಿಗೆ ಸೂಜಿ ಹಾಕಿ ಭದ್ರಮಾಡಿದ ಮೇಲೆ ಹೊರಗೆ ಬಂದು, ಕಾರಿಡಾರಿನಲ್ಲಿ ಜನರ ನಡುವೆಯೇ ಕಾವೇರಕ್ಕನ ಮೇಲೆ ಹಿಂದಿಯಲ್ಲಿ ಹರಿಹಾಯ್ದರು. ಈ ಮುದುಕಿ ಮೊಮ್ಮಗನನ್ನು ಬೇಯಿಸಿಬಿಟ್ಟಿದ್ದಾಳೆ, ಇನ್ನೊಂದು ದಿನ ಬಿಟ್ಟಿದ್ದರೆ ಮಣ್ಣು ಮಾಡಬೇಕಿತ್ತು ಎಂದರು. ಅವರು ಅತ್ತ ಹೋದ ಮೇಲೆ ಕಾವೇರಕ್ಕ ನನ್ನ ಕಡೆ ತಿರುಗಿ ಏನಂದರು ಎಂದು ಕೇಳಿದರು. ಮಗುವಿಗೆ ನೀರು ಕಡಿಮೆಯಾಗಿದೆಯಂತೆ ಎಂದೆ.

"ಅಷ್ಟು ಸಣ್ಣ ಮಾತಿಗೆ ಅಷ್ಟು ದೊಡ್ಡ ಗಂಟಲು ಬ್ಯಾಡಿತ್ತು. ಪೂರಾ ಹೇಳಿ."

ಹೇಳಿದೆ. ಬೈಗುಳ ಬಿಟ್ಟು ಉಳಿದದ್ದನ್ನೆಲ್ಲ ಹೇಳಿದೆ. ಬೆವರು ಯಾಕೆ ಕಾಣುವುದಿಲ್ಲ ಎಂದು ತೋರಿಸಲು ಅವರನ್ನು ಹೊರಗೆ ಬಿಸಿಲಿಗೆ ಕರೆದುಕೊಂಡು ಹೋಗಿ, ಕರವಸ್ತ್ರ ಒದ್ದೆಮಾಡಿ ಅವರ ಮುಂಗೈ ಮೇಲೆ ಹಾಸಿದೆ. ನಾವಿಬ್ಬರೂ ನೋಡುತ್ತಿದ್ದ ಹಾಗೇ ಬಟ್ಟೆ ಒಣಗಿ ಅಂಚು ಮೇಲೆದ್ದಿತು. ಅವರು ಅದನ್ನು ಬಹಳ ಹೊತ್ತು ನೋಡಿದರು. ಕರವಸ್ತ್ರ ಮಡಿಸಿ ನನಗೆ ವಾಪಸು ಕೊಟ್ಟರು. 

ಮಗು ಎರಡು ದಿನ ಹೊಯ್ದಾಡಿತು. ಮೂರನೆಯ ದಿನ ಬೆಳಿಗ್ಗೆ ಅತ್ತಿತು. ವಾರ್ಡಿನಲ್ಲಿ ಅಷ್ಟು ಚೆಂದದ ಅಳುವನ್ನು ನಾನು ಕೇಳಿದ್ದು ಕಡಿಮೆ. ಸುಮಾಗೆ ಚೆನ್ನಾಗಿ ನೀರು, ಗಂಜಿ, ಹಣ್ಣಿನ ರಸ ಕೊಟ್ಟು, ಮಗುವನ್ನು ಮತ್ತೆ ಮತ್ತೆ ಎದೆಗೆ ಹಚ್ಚಿಸಿದೆವು. ಮಗುವಿನ ಜೀವಕ್ಕೆ ಇನ್ನು ಭಯವಿರಲಿಲ್ಲ.

ಭಯವಿದ್ದದ್ದು ಮಗುವಿನ ಅಜ್ಜಿಯ ಬಗ್ಗೆ. ಕಾವೇರಕ್ಕ ಮಗುವನ್ನು ಮುಟ್ಟುವುದನ್ನು ಬಿಟ್ಟರು. ಮನೆಗೆ ಬಂದ ಮೇಲೂ ಅಡುಗೆ ಮಾಡುವರು, ಪಾತ್ರೆ ತೊಳೆಯುವರು, ಮಗು ಅತ್ತರೆ ಸುಮಾಳನ್ನು ಕೂಗಿ ಹೇಳುವರು. ತೊಟ್ಟಿಲ ಹತ್ತಿರ ಹೋಗುತ್ತಿರಲಿಲ್ಲ. ನಾನು ಒಂದು ಸಂಜೆ ಮಗುವನ್ನು ಅವರ ಮಡಿಲಿಗೆ ಹಾಕಹೋದೆ. ಅವರು ಎರಡೂ ಕೈಯನ್ನು ಸೆರಗಿನೊಳಗೆ ಎಳೆದುಕೊಂಡರು.

"ಬ್ಯಾಡ ತಂಗಿ. ನನ್ನ ಕೈಗುಣ ಹೋಯ್ತು. ಇದು ಇನ್ನು ಕೂಸಿನ ಮೇಲೆ ಆಡೋ ಕೈ ಅಲ್ಲ."

ಊರಿಗೆ ಟಿಕೆಟ್ಟು ಮಾಡಿಸು ಎಂದು ಅಳಿಯನಿಗೆ ಹೇಳಿದ್ದರು. ಊರಿನಲ್ಲಿಯೂ ಇನ್ನು ಯಾರ ಮನೆಗೂ ನೀರು ಹಾಕಲು ಹೋಗುವುದಿಲ್ಲ ಎಂದಿದ್ದರು. ಸುಮಾ ಅಳುವುದು, ತಾಯಿ ಗೋಡೆ ನೋಡುವುದು. ಹೆತ್ತವಳು ಹಾಗೆ ಅಳುತ್ತಿದ್ದರೆ ಹಾಲು ಹೇಗೆ ಏರೀತು? ರಜೆ ಮುಗಿದ ಮೇಲೆ ಸುಮಾ ಕೆಲಸಕ್ಕೆ ಬರಲೇಬೇಕು, ಆಗ ಮಗುವನ್ನು ನೋಡುವವರು ಯಾರು? ಅದಕ್ಕಿಂತ ಹೆಚ್ಚಾಗಿ, ಜೀವಮಾನವಿಡೀ ಮಕ್ಕಳನ್ನು ಎತ್ತಿದ ಹೆಂಗಸು ಬರಿಗೈಯಲ್ಲಿ ವಿಮಾನ ಹತ್ತಿ ಹೋಗುವುದು ನನಗೆ ಬೇಡವಾಗಿತ್ತು. ನಾನು ಏನು ಹೇಳಿದರೂ ಅವರು ಹ್ಞೂಂ ಎನ್ನುತ್ತಿದ್ದರು, ಅಷ್ಟೇ. ನಾನು ಅವರ ಕಣ್ಣಿಗೆ ಆಸ್ಪತ್ರೆಯ ಕಡೆಯವಳು.

ಜುವೈನಾಗೆ ಇದನ್ನು ಹೇಳಿದೆ. ಆಕೆ ಯೋಚಿಸಿ, ನಾಳೆ ನಮ್ಮ ತಾಯಿಯನ್ನು ಕರೆತರುತ್ತೇನೆ, ನಿನಗೆ ಅರಬ್ಬಿ ಬರುತ್ತದಲ್ಲ, ಅದನ್ನು ಕನ್ನಡಕ್ಕೆ ತಿರುಗಿಸಲು ಬಾ ಎಂದರು. ಎಲ್ಲರಿಗೂ ಗದರುತ್ತಿದ್ದ ಮುಖ್ಯ ನರ್ಸು ತನ್ನ ತಾಯಿಯನ್ನು ಹೊಸಬಳ ಮನೆಗೆ ಕರೆತರುತ್ತಾರೆಂದು ನಾನು ಎಣಿಸಿರಲಿಲ್ಲ.

ಮಾರನೆಯ ದಿನ ಸಂಜೆ ಆ ತಾಯಿ ಬಂದರು. ಸುಕ್ಕುಗಟ್ಟಿದ ಚಿಕ್ಕ ಮುಖ, ಹೂವಿನ ಚಿತ್ತಾರದ ಮುಸುಕು, ಕೈಯಲ್ಲಿ ಖರ್ಜೂರದ ತಟ್ಟೆ, ಕಹ್ವಾ ಎಂಬ ಅಲ್ಲಿನ ಕಾಫಿಯ ಫ್ಲಾಸ್ಕು. ಬಂದವರೇ ನೆಲದ ಮೇಲೆ ಕೂತರು. ಕಾವೇರಕ್ಕನೂ ಅವರ ಎದುರಿಗೆ ಕೂತರು. ಆ ತಾಯಿ ಮಗುವಿನ ಸುದ್ದಿಯನ್ನೇ ಎತ್ತಲಿಲ್ಲ. ನಿಮ್ಮೂರು ಹೇಗಿದೆ ಎಂದು ಕೇಳಿದರು. ಮಳೆ ಎಂದರು ಕಾವೇರಕ್ಕ. ಎಷ್ಟು ದಿನ ಬರುತ್ತದೆ ಎಂದು ಅವರು ಕೇಳಿದರು. ದಿನದ ಲೆಕ್ಕ ಅಲ್ಲ, ತಿಂಗಳ ಲೆಕ್ಕ ಎಂದು ಹೇಳಿ ಅಂತ ಕಾವೇರಕ್ಕ ನನಗೆ ಹೇಳಿದರು. ನಾನು ತಿರುಗಿಸಿದೆ. ಆ ತಾಯಿ ನಂಬಲಿಲ್ಲ. ಮಗಳ ಮುಖ ನೋಡಿದರು. ಹಾಗಾದರೆ ನೀವು ಬಟ್ಟೆ ಒಣಗಿಸುವುದು ಹೇಗೆ ಎಂದರು. ಒಲೆ ಮೇಲೆ ಎಂದರು ಇವರು. ಬಟ್ಟೆಯನ್ನು ಬೇಯಿಸಿ ಉಡುವ ಜನ ಎಂದು ಆ ತಾಯಿ ಹೇಳಿದ್ದನ್ನು ನಾನು ಕನ್ನಡಕ್ಕೆ ತಂದಾಗ ಕಾವೇರಕ್ಕನ ತುಟಿ ಸ್ವಲ್ಪ ಅಲುಗಿತು.

ಮಾತು ನಿಧಾನವಾಗಿ ಬಾಣಂತನಕ್ಕೆ ಬಂತು. ಬಾಗಿಲು ಮುಚ್ಚುವುದು, ಕೆಂಡ, ಟೊಪ್ಪಿ, ಅಳತೆಯ ನೀರು, ಎಲ್ಲವನ್ನೂ ಕಾವೇರಕ್ಕ ತಲೆ ತಗ್ಗಿಸಿಕೊಂಡು, ಪೊಲೀಸರ ಮುಂದೆ ಹೇಳುವವರಂತೆ ಹೇಳಿದರು. ಆ ತಾಯಿ ನಡುನಡುವೆ ಹೌದು ಹೌದು ಎನ್ನುತ್ತಿದ್ದರು. ಕೊನೆಗೆ ತಮ್ಮ ಕಥೆ ಹೇಳಿದರು. ಅವರ ತವರು ಆ ಊರಿನ ಮೇಲಿರುವ ದೊಡ್ಡ ಬೆಟ್ಟದ ನೆತ್ತಿಯಲ್ಲಿ. ಅಲ್ಲಿ ಚಳಿಗಾಲದಲ್ಲಿ ನೀರು ಹೆಪ್ಪುಗಟ್ಟುತ್ತದೆ. ಮದುವೆಯಾಗಿ ಕೆಳಗೆ, ಈ ಬಿಸಿಲಿನ ಊರಿಗೆ ಬಂದರು. ಕತ್ತೆಯ ಮೇಲೆ ಕೂತು ಇಳಿದರೆ ಒಂದು ದಿನದ ದಾರಿ ಅಷ್ಟೇ, ಆದರೆ ಗಾಳಿ ಬೇರೆ ದೇಶದ್ದು. ಚೊಚ್ಚಲ ಮಗುವನ್ನು ಬೆಟ್ಟದ ಮೇಲೆ ತಮ್ಮ ತಾಯಿ ಸುತ್ತುತ್ತಿದ್ದ ಹಾಗೆ ಆಡಿನ ಉಣ್ಣೆಯ ಕಂಬಳಿಯಲ್ಲಿ ಸುತ್ತಿಟ್ಟರು. ಬಿಸಿಲುಕಾಲ. ಮಗು ಸುಮ್ಮನಾಯಿತು. ಅತ್ತೆ ಬಂದು ನೋಡಿ ಕಂಬಳಿಯನ್ನು ಕಿತ್ತು ಅಂಗಳಕ್ಕೆ ಎಸೆದರು. ಮಗುವನ್ನು ನೀರ ಕಾಲುವೆಯ ಪಕ್ಕ, ಖರ್ಜೂರದ ಮರದ ನೆರಳಿಗೆ ಒಯ್ದು, ಒದ್ದೆ ಬಟ್ಟೆಯಿಂದ ಒರೆಸುತ್ತ ಬಿಸಿಲು ಇಳಿಯುವ ತನಕ ಕೂತರು.

ನಾನು ಇಷ್ಟನ್ನು ತಿರುಗಿಸಿ ಮುಗಿಸಿದೆ. ಕಾವೇರಕ್ಕ ಮೊದಲ ಸಲ ತಲೆ ಎತ್ತಿ ಅವರ ಮುಖವನ್ನೇ ನೋಡಿದರು.

"ಆ ಕೂಸು ಉಳೀತಾ, ಕೇಳಿ."

ಕೇಳಿದೆ. ಆ ತಾಯಿ ಪಕ್ಕದಲ್ಲಿ ಕೂತಿದ್ದ ಜುವೈನಾಳ ತೊಡೆಗೆ ಒಂದು ಪೆಟ್ಟು ಕೊಟ್ಟು ಏನೋ ಹೇಳಿದರು. ನನಗೆ ನಗು ತಡೆಯಲಾಗಲಿಲ್ಲ.

"ಇಲ್ಲೇ ಕೂತಿದೆ, ನಿಮ್ಮ ಮಗಳಂಥವರಿಗೆಲ್ಲ ಬೈತಾ ಇರತ್ತೆ ಅಂತಿದಾರೆ" ಎಂದೆ.

ಕಾವೇರಕ್ಕ ಬಾಯಿಗೆ ಸೆರಗು ಹಿಡಿದು ನಕ್ಕರು. ನಗುತ್ತ ನಗುತ್ತ ಅದು ಅಳುವಾಯಿತು. ಆ ತಾಯಿ ಸಮಾಧಾನ ಮಾಡಲು ಹೋಗಲಿಲ್ಲ. ಬಟ್ಟಲಿಗೆ ಕಹ್ವಾ ಬಗ್ಗಿಸಿ ಮುಂದೆ ಇಟ್ಟರು. ಅಳು ನಿಂತ ಮೇಲೆ ಕಾವೇರಕ್ಕ ಕೇಳಿದ ಪ್ರಶ್ನೆಗಳನ್ನು ನಾನು ಮರೆತಿಲ್ಲ. ಇಲ್ಲಿ ಮಗುವಿಗೆ ನೀರು ಹಾಕುವುದು ಯಾವ ಹೊತ್ತಿಗೆ, ನೀರು ಎಷ್ಟು ಬೆಚ್ಚಗಿರಬೇಕು, ಬಾಣಂತಿ ಏನೇನು ಕುಡಿಯಬೇಕು, ಕಿಟಕಿಗೆ ಏನು ಕಟ್ಟುತ್ತೀರಿ. ಕಸುಬು ಬಲ್ಲವರು ಕಸುಬು ಬಲ್ಲವರನ್ನು ಕೇಳುವ ಪ್ರಶ್ನೆಗಳು. ಡಾಕ್ಟರು ಹೇಳಿದ್ದೂ ಇದೇ, ನಾನು ಹೇಳಿದ್ದೂ ಇದೇ. ಆದರೆ ನಾವು ಹೇಳಿದಾಗ ಅದು ಅವರ ವಿದ್ಯೆಯನ್ನೇ ಸುಳ್ಳು ಮಾಡಿದ ಹಾಗೆ ಕೇಳಿಸಿತ್ತು. ಆ ತಾಯಿ ಹೇಳಿದಾಗ ಅದೇ ವಿದ್ಯೆಯ ಇನ್ನೊಂದು ಪಾಠದ ಹಾಗೆ ಕೇಳಿಸಿತು.

ಹೊರಡುವಾಗ ಆ ತಾಯಿ ತೊಟ್ಟಿಲಿನಿಂದ ಮಗುವನ್ನು ಎತ್ತಿ, ಯಾರನ್ನೂ ಕೇಳದೆ, ಕಾವೇರಕ್ಕನ ಮಡಿಲಿಗೆ ಹಾಕಿ ಚಪ್ಪಲಿ ಮೆಟ್ಟಿಕೊಂಡರು. ಬಂದ ನೆಂಟರ ಎದುರಿಗೆ ಮಗುವನ್ನು ಕೆಳಗಿಡುವ ಹಾಗಿಲ್ಲ. ಕಾವೇರಕ್ಕ ಸೆರಗಿನಿಂದ ಕೈ ಹೊರತೆಗೆದು ಮಗುವನ್ನು ಹಿಡಿದುಕೊಂಡರು.

ನೀರು ಹಾಕುವುದಕ್ಕೆ ಮಾತ್ರ ಇನ್ನೂ ಕೆಲವು ದಿನ ಹಿಡಿಯಿತು. ಒಂದು ಬೆಳಿಗ್ಗೆ ನಾನು ಹೋದಾಗ ಬಚ್ಚಲಲ್ಲಿ ಕಾಲು ಚಾಚಿ ಕೂತು, ಮಗುವನ್ನು ಕಾಲ ಮೇಲೆ ಬೋರಲು ಮಲಗಿಸಿಕೊಂಡು, ಉಗುರುಬೆಚ್ಚಗಿನ ನೀರನ್ನು ಬೊಗಸೆಯಲ್ಲಿ ಹೊಯ್ಯುತ್ತಿದ್ದರು. ಸುಮಾ ಬಾಗಿಲಲ್ಲಿ ನಿಂತು, ಕೈಯಲ್ಲಿ ದೊಡ್ಡ ಲೋಟ ಹಿಡಿದು ನೀರು ಕುಡಿಯುತ್ತಿದ್ದಳು. ಅಮ್ಮ ಖಾಲಿ ಮಾಡದೆ ಬಿಡಲ್ಲ ಅಕ್ಕ, ಇವರಿಗಿಂತ ಜುವೈನಾ ಸಿಸ್ಟರೇ ವಾಸಿ ಎಂದಳು. ಟಿಕೆಟ್ಟಿನ ಮಾತನ್ನು ಯಾರೂ ಎತ್ತಲಿಲ್ಲ. ವೀಸಾ ಮುಗಿಯುವವರೆಗೆ ಕಾವೇರಕ್ಕ ಉಳಿದರು.

ಶ್ರೀದೇವಿ, ಆಶಾ, ನೀವು ಹೋಗುವ ಊರು ಕಡಲ ದಂಡೆಯದೋ ಒಳನಾಡಿನದೋ ಬೆಟ್ಟದ್ದೋ ನನಗೆ ಗೊತ್ತಿಲ್ಲ. ದೇಶ ಒಂದೇ ಆದರೂ ಗಾಳಿ ಒಂದೇ ಅಲ್ಲ. ನಾನು ಆ ಕೆಲಸದಲ್ಲಿ ಕಲಿತದ್ದರಲ್ಲಿ ಯಂತ್ರಗಳೆಲ್ಲ ಬದಲಾದವು, ಔಷಧಿಗಳೂ ಬದಲಾದವು. ರೋಗಿಯ ಜೊತೆ ಬಂದ ಮುದುಕಿಯನ್ನು ಗದರಬೇಡಿ ಎಂಬುದು ಬದಲಾಗಿಲ್ಲ. ಅವಳು ತನ್ನೂರಿನ ಹವೆಯನ್ನು ಗಂಟು ಕಟ್ಟಿಕೊಂಡು ಬಂದಿರುತ್ತಾಳೆ. ಅದನ್ನು ಬಿಚ್ಚಿಸುವುದಕ್ಕೆ ಸ್ವಲ್ಪ ಹೊತ್ತು ಕೂರಬೇಕು. ನೀವೂ ಒಂದು ಗಂಟು ಕಟ್ಟಿಕೊಂಡೇ ಹೋಗುತ್ತಿದ್ದೀರಿ.

ಕೆಲವು ವರ್ಷಗಳ ಮೇಲೆ ಸುಮಾಗೆ ಆ ದೇಶದ ದಕ್ಷಿಣದ ತುದಿಯಲ್ಲಿರುವ ಸಲಾಲಾ ಎಂಬ ಊರಿಗೆ ವರ್ಗವಾಯಿತು. ಅಲ್ಲಿ ಎರಡನೆಯ ಹೆರಿಗೆ. ಸಲಾಲಾಗೆ ಬೇಸಿಗೆಯಲ್ಲಿ ಕಡಲ ಕಡೆಯಿಂದ ಮೋಡ ಬರುತ್ತದೆ. ಗುಡ್ಡವೆಲ್ಲ ಹಸಿರಾಗಿ, ಮಂಜು ಕವಿದು, ತುಂತುರು ಹನಿ ಹಿಡಿಯುತ್ತದೆ. ಒಮಾನಿನಲ್ಲಿ ಬೇರೆಲ್ಲೂ ಹಾಗಿಲ್ಲ. ಕಾವೇರಕ್ಕ ಬಂದಿಳಿದದ್ದು ಅಂಥ ಒಂದು ದಿನ. ಸುಮಾ ನನಗೆ ಫೋನಿನಲ್ಲಿ ಹೇಳಿದಳು: ಅಮ್ಮ ಕಾರಿನಿಂದ ಇಳಿದು ಮಳೆಗೆ ಕೈಯೊಡ್ಡಿ ನಿಂತರಂತೆ. ಇದು ನಮ್ಮ ನಗರದ ಹಾಂಗೇ ಇದೆಯಲ್ಲೇ ಎಂದರಂತೆ. ಆಮೇಲೆ ಪೆಟ್ಟಿಗೆಯನ್ನೂ ಬಿಚ್ಚದೆ, ಪಕ್ಕದ ಮನೆಯಲ್ಲಿ ಬಾಣಂತನ ಬಲ್ಲ ವಯಸ್ಸಾದವರು ಯಾರಾದರೂ ಇದ್ದಾರಾ ಎಂದು ಕೇಳಿ, ಮಗಳ ಕೈ ಹಿಡಿದುಕೊಂಡು ಹೋಗಿ ಅವರ ಬಾಗಿಲು ತಟ್ಟಿದರಂತೆ.